ಅಜ್ಜನ ಮುತ್ತಜ್ಜ ಯಾರ ಆಸ್ತಿ?

ಹೆಳವರ ವಂಶಾವಳಿ ಪುಸ್ತಕಗಳನ್ನು ಫೋಟೋ ತೆಗೆದು ಆ್ಯಪ್‌ಗೆ ಹಾಕಬಾರದು ಅನ್ನೋದು ನಮ್ಮ ಅಭಿಪ್ರಾಯ. ಈ ಸಲದ ಮಿನಿ ಪ್ರಾಜೆಕ್ಟ್ ಚರ್ಚೆಯಲ್ಲಿ ಈ ಐಡಿಯಾ ಎರಡು ಸಲ ಬಂತು, ಎರಡೂ ಸಲ ಜೋರು ಚಪ್ಪಾಳೆ. ಕೇಳೋಕೆ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಹೆಸರು ಟೈಪ್ ಮಾಡಿದ್ರೆ ಏಳು ತಲೆಮಾರು ಪರದೆ ಮೇಲೆ. ಕನ್ನಡ ಓಸಿಆರ್, ಡೇಟಾಬೇಸ್, ಗ್ರಾಫ್, ಎಲ್ಲಾ ಒಂದೇ ಪ್ರಾಜೆಕ್ಟಲ್ಲಿ. ಮೇಲೆ 'ನಮ್ಮ ಸಂಸ್ಕೃತಿ ಉಳಿಸಿದ್ವಿ' ಅನ್ನೋ ಸಮಾಧಾನ ಬೇರೆ. ಆದ್ರೆ ಆ ಪುಸ್ತಕ ಇಟ್ಟುಕೊಂಡಿರೋ ಮನುಷ್ಯನನ್ನ ಯಾರೂ ಕೇಳಿರಲಿಲ್ಲ. ನಾವು ಕೇಳಿದ್ವಿ. ಅದಕ್ಕೇ ಈ ಲೇಖನ.

ನಾವು ಅಂದ್ರೆ ಒಂದೇ ಅಜ್ಜನ ನಾಲ್ಕು ಮೊಮ್ಮಕ್ಕಳು. ಒಬ್ಬರು ಈ ಕಾಲೇಜಿನಲ್ಲಿ ಎರಡನೇ ವರ್ಷ, ಒಬ್ಬಳು ಹುಬ್ಬಳ್ಳಿಯಲ್ಲಿ ಬಿ.ಕಾಂ., ಒಬ್ಬ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ, ಕೊನೆಯವಳು ಇನ್ನೂ ಪಿಯುಸಿ. ಊರು ಅಸೂಟಿ, ರೋಣ ತಾಲೂಕು, ಗದಗ ಜಿಲ್ಲೆ. 'ನಮ್ಮೂರು' ಅಂತೀವಿ, ಆದ್ರೆ ವರ್ಷಕ್ಕೆ ಹದಿನೈದು ದಿನಕ್ಕಿಂತ ಜಾಸ್ತಿ ಅಲ್ಲಿ ಇದ್ದವರು ನಮ್ಮಲ್ಲಿ ಯಾರೂ ಇಲ್ಲ. ನಾಲ್ವರೂ ಇಂಗ್ಲಿಷ್ ಮೀಡಿಯಂ. ಬರೆಯೋ ಕೆಲಸ ಕನ್ನಡ ಸಂಘದಲ್ಲಿ ಇರೋರ ಪಾಲಿಗೆ ಬಂತು, ವಾದ ಮಾತ್ರ ನಾಲ್ವರದ್ದೂ.

ಹುಡುಕಾಟ ಶುರುವಾಗಿದ್ದು ಸಂಸ್ಕೃತಿಯಿಂದಲ್ಲ, ಜಮೀನಿಂದ. ಅಜ್ಜ ತೀರಿಕೊಂಡ ಮೇಲೆ ಹೊಲದ ವಾರಸಾ ಮಾಡಿಸಬೇಕಿತ್ತು, ಅದಕ್ಕೆ ವಂಶವೃಕ್ಷ ಬೇಕಾಯ್ತು. ಅಪ್ಪ, ಕಾಕಾ ಸೇರಿ ಒಂದು ಹಾಳೆ ಮೇಲೆ ಹೆಸರು ಬರೀತಾ ಹೋದ್ರು. ಅಜ್ಜ, ಅಜ್ಜನ ಅಪ್ಪ, ಅವರಪ್ಪ. ಅಲ್ಲಿಗೆ ಪೆನ್ನು ನಿಂತುಬಿಡ್ತು. ಕಚೇರಿಗೆ ಅಷ್ಟೂ ಬೇಕಿರಲಿಲ್ಲ, ಕೆಲಸ ಆಯ್ತು. ನಮಗೆ ಮಾತ್ರ ತಲೆಯಲ್ಲಿ ಹುಳ ಬಿಟ್ಟ ಹಾಗಾಯ್ತು: ಅದರ ಮೇಲಿನವನು, ಅಂದ್ರೆ ಅಜ್ಜನ ಮುತ್ತಜ್ಜ, ಯಾರು? ಲೆಕ್ಕ ಹಾಕಿದ್ರೆ ಅವನು 1840ರ ದಶಕದಲ್ಲಿ ಹುಟ್ಟಿರಬೇಕು. ಹತ್ತೊಂಬತ್ತನೇ ಶತಮಾನವನ್ನ ನಡುವಿನಿಂದ ಕೊನೆಯವರೆಗೂ ನೋಡಿದ ಮನುಷ್ಯ. ಅವನು ಉತ್ತಿದ ಎರೆ ಹೊಲದಲ್ಲಿ ಬೆಳೆದದ್ದನ್ನ ಇವತ್ತಿಗೂ ತಿಂತಾ ಇದೀವಿ, ಅವನ ಬಗ್ಗೆ ಮಾತ್ರ ಒಂದು ಸಾಲೂ ಗೊತ್ತಿಲ್ಲ.

ಮೊದಲು ಕಾಗದ ಹಿಡಿದ್ವಿ. ಈಗಿನ ಉತಾರ ಮೊಬೈಲಲ್ಲೇ ಸಿಗುತ್ತೆ. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನ ಇಪ್ಪತ್ತೈದು ವರ್ಷದ ಹಿಂದೆಯೇ ಕಂಪ್ಯೂಟರಿಗೆ ಹತ್ತಿಸಿದ್ದಾರೆ. ಅದರ ಹಿಂದಿನದು ಕೈಬರಹ. ನಮ್ಮ ಕಡೆ ಆಗ ಮುಂಬಯಿ ಪ್ರಾಂತ, ಧಾರವಾಡ ಜಿಲ್ಲೆ. ಗದಗ ಜಿಲ್ಲೆ ಆಗಿದ್ದು 1997ರಲ್ಲಿ. ಮುಂಬಯಿ ಪ್ರಾಂತದಲ್ಲಿ ಹಕ್ಕುದಾಖಲೆ ಅನ್ನೋದಕ್ಕೆ ಕಾಯ್ದೆ ಬಂದಿದ್ದು 1903ರಲ್ಲಿ. ಅದಕ್ಕಿಂತ ಹಿಂದೆ ಸರ್ವೆಯವರ ಲೆಕ್ಕ: ಸರ್ವೆ ನಂಬರು, ಕ್ಷೇತ್ರ, ಆಕಾರ, ಕಂದಾಯ ಕಟ್ಟೋ ಖಾತೆದಾರನ ಹೆಸರು. ಅವರಿಗೆ ಬೇಕಾಗಿದ್ದು ಹೊಲದ ಚರಿತ್ರೆ, ಮನುಷ್ಯನದ್ದಲ್ಲ.

ಆ ಸರ್ವೆ ಮಾತ್ರ ಎಂಜಿನಿಯರುಗಳಾದ ನಮಗೆ ಖುಷಿ ಕೊಡೋ ವಿಷಯ. ನಮ್ಮ ಭಾಗದ ಸರ್ವೆಯನ್ನ 1840ರ ದಶಕದಲ್ಲಿ ನಡೆಸಿದವರು ವಿಂಗೇಟ್ ಅನ್ನೋ ಎಂಜಿನಿಯರ್ ಅಧಿಕಾರಿ. ಆಗಿನ ಸರಪಳಿ 33 ಅಡಿ, ಅದಕ್ಕೆ 16 ಆಣೆ ಭಾಗ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಆದ್ರೆ ಒಂದು ಗುಂಟೆ, 1,089 ಚದರಡಿ. ಅಂಥವು 40 ಸೇರಿದ್ರೆ ಎಕರೆ. ಸಿವಿಲ್ ಗೆಳೆಯರು ಸರ್ವೇಯಿಂಗ್ ಲ್ಯಾಬಲ್ಲಿ ಚೈನ್ ಎಳೆದು ಬೆವರು ಸುರಿಸುವಾಗ ನೆನಪಿಟ್ಟುಕೊಳ್ಳಿ, ನಿಮ್ಮಪ್ಪ ಸೈಟಿನ ಮಾತಿಗೆ 'ಇಷ್ಟು ಗುಂಟೆ' ಅನ್ನೋದು ಆ ಸರಪಳಿಯಿಂದ ಬಂದಿದ್ದು. ನಮ್ಮ ಹಿರಿಯ ಹುಟ್ಟೋ ಹೊತ್ತಿಗೆ ನಮ್ಮ ಸೀಮೆಯಲ್ಲಿ ಆ ಸರಪಳಿ ಓಡಾಡ್ತಾ ಇತ್ತು. ಹೊಲದ ಮೂಲೆ ಮೂಲೆ ಅಳೆದು ಬರೆದಿಟ್ಟರು. ಬದುವಿನ ಮೇಲೆ ನಿಂತು ನೋಡ್ತಿದ್ದ ಕೂಸಿನ ಹೆಸರು ಬರೆದುಕೊಳ್ಳೋಕೆ ಯಾರಿಗೂ ಕಾರಣ ಇರಲಿಲ್ಲ.

ಕೊನೆಗೆ ಅವನು ಸಿಕ್ಕಿದ್ದು ಒಂದೇ ಕಡೆ, ಅದೂ ಮಗನ ಹೆಸರಿನ ಬಾಲವಾಗಿ. 'ಇಂಥವನು, ತಂದೆ ಇಂಥವನು' ಅನ್ನೋದರಲ್ಲಿ ಎರಡನೆಯ ಹೆಸರು ನಮ್ಮವನದ್ದು. ಇದರಲ್ಲೂ ಒಂದು ಪೇಚು. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡ್ತಾರೆ. ಬಸಪ್ಪನ ಮಗ ಫಕೀರಪ್ಪ, ಫಕೀರಪ್ಪನ ಮಗ ಬಸಪ್ಪ, ಅವನ ಮಗ ಮತ್ತೆ ಫಕೀರಪ್ಪ ಅಂತಿಟ್ಕೊಳ್ಳಿ. ಇಸವಿ ಹರಿದುಹೋದ ಹಾಳೆಯಲ್ಲಿ ಬಸಪ್ಪ ಅಂತಿದ್ರೆ ಅದು 1870ರವನೋ 1930ರವನೋ? ಯೂನಿಕ್ ಐಡಿ ಇಲ್ಲದ ಟೇಬಲ್ಲು. ಡಿಬಿಎಂಎಸ್ ಮೇಡಂ ನೋಡಿದ್ರೆ ಬೈತಿದ್ರು.

ಅದೇ ಹಳೇ ನೋಂದಿನಲ್ಲಿ ಇನ್ನೊಂದು ಹೆಸರಿತ್ತು, ಅದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಆ ಹಿರಿಯನ ಮಗ 1918ರ ಇನ್‌ಫ್ಲುಯೆಂಜಾದಲ್ಲಿ ಹೋದ. ಅವನ ಮಗ, ಅಂದ್ರೆ ನಮ್ಮಜ್ಜನ ಅಪ್ಪ, ಆಗ ಹತ್ತು ವರ್ಷದ ಹುಡುಗ. ಹೊಲ ಹುಡುಗನ ಹೆಸರಿಗೆ ಬಂತು, ಪಕ್ಕದಲ್ಲಿ 'ಅ.ಪಾ.ಕ.' ಅಂತ ಮೂರಕ್ಷರ, ಆಮೇಲೆ ಅವನ ತಾಯಿಯ ಹೆಸರು. ಅಪಾಕ ಅಂದ್ರೇನು ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ಊರಿನ ಹಳೇ ತಲೆಯೊಬ್ಬರು ಬಿಡಿಸಿ ಹೇಳಿದ್ರು: ಅಜ್ಞಾನ ಪಾಲನಕರ್ತ, ವಯಸ್ಸಿಗೆ ಬರದ ಹುಡುಗನ ಪರವಾಗಿ ನಿಂತವರು. ನೂರಾರು ವರ್ಷದ ಕಾಗದದಲ್ಲಿ ನಮ್ಮ ಮನೆಯ ಒಂದೇ ಒಂದು ಹೆಣ್ಣುಮಗಳ ಹೆಸರು ಇರೋದು ಅಲ್ಲಿ. ಅವಳು ಗಂಡನ್ನ ಕಳಕೊಂಡಳು, ಮಗ ಸಣ್ಣವನಿದ್ದ, ಆದ್ದರಿಂದ ಸರ್ಕಾರಕ್ಕೆ ಅವಳು ಕಾಣಿಸಿದಳು. ಎರಡೂ ಆಗದೇ ಇದ್ದಿದ್ರೆ ಸುಖವಾಗಿರ್ತಿದ್ದಳು, ಹೆಸರು ಮಾತ್ರ ಉಳೀತಿರಲಿಲ್ಲ. ಹುಡುಗ ದೊಡ್ಡವನಾದ ಕೂಡಲೇ ಮುಂದಿನ ನೋಂದಿನಲ್ಲಿ ಅವಳನ್ನ ತೆಗೆದಿದ್ದಾರೆ. ಅಷ್ಟು ವರ್ಷ ಆ ಹೊಲ ಯಾರು ಮಾಡಿಸಿದ್ರು ಅಂತ ಕೇಳಿದ್ರೆ ಉತಾರ ಈಗಲೂ ಹುಡುಗನ ಹೆಸರೇ ಹೇಳುತ್ತೆ.

ವತನ ಇದ್ದ ಮನೆಗಳ ಕಥೆ ಬೇರೆ. ಗೌಡಕಿ, ಕುಲಕರ್ಣಿಕಿ ಇದ್ದವರ ವಾರಸುದಾರಿಕೆ 1874ರ ವತನ ಕಾಯ್ದೆಯಿಂದಾಗಿ ಸರ್ಕಾರಿ ದಫ್ತರದಲ್ಲೇ ದಾಖಲಾಗ್ತಿತ್ತು. ಅದಕ್ಕೂ ಮುಂಚೆ, 1852ರ ಇನಾಂ ಕಮಿಷನ್ ಎದುರು ಜಮೀನಿನ ಹಕ್ಕು ಸಾಬೀತು ಮಾಡೋಕೆ ಇನಾಂದಾರರು ತಲೆಮಾರುಗಳ ಲೆಕ್ಕ ಒಪ್ಪಿಸಬೇಕಿತ್ತು. ಅಂಥ ಮನೆಯವರು ಮೋಡಿ ಲಿಪಿ ಓದೋರೊಬ್ಬರನ್ನ ಹಿಡಿದ್ರೆ ಪೇಶ್ವೆ ಕಾಲದ ತನಕ ಹೋಗಬಹುದು. ಸಾದಾ ಒಕ್ಕಲು ಮನೆಗೆ ಅಷ್ಟು ಸಿಗಲ್ಲ. ಹೊಲವೇ ಇಲ್ಲದೆ ಕೂಲಿ ಮಾಡಿದ ಮನೆಗೆ ಏನೂ ಸಿಗಲ್ಲ.

ಇಂಗ್ಲೆಂಡಿನವರು ಮನೇಲಿ ಕೂತು ಮುತ್ತಜ್ಜನ ಮುತ್ತಜ್ಜನನ್ನ ಹುಡುಕ್ತಾರೆ. ಅಲ್ಲಿ ಚರ್ಚಿನ ರಿಜಿಸ್ಟರು 1538ರಿಂದ ಇದೆ, 1841ರಿಂದ ಜನಗಣತಿಯ ಹಾಳೆಗಳು ಹೆಸರು ಸಮೇತ ಉಳಿದಿವೆ. ಇಲ್ಲೂ 1872ರಲ್ಲಿ, 1881ರಲ್ಲಿ ಎಣಿಸಿದ್ರು. ಮೊತ್ತ ಇಟ್ಕೊಂಡ್ರು, ಹೆಸರು ಬಿಟ್ಟರು. ಇದರಲ್ಲೊಂದು ವಿಚಿತ್ರ ಇದೆ. ಅದೇ ಕಾಲಕ್ಕೆ ಕೂಲಿ ಕರಾರಿನ ಮೇಲೆ ಫಿಜಿಗೆ ಹಡಗು ಹತ್ತಿದವರ ಪಾಸುಗಳಲ್ಲಿ ಹೆಸರು, ತಂದೆ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಊರು, ಎತ್ತರ, ಮೈಮೇಲಿನ ಗುರುತು ಎಲ್ಲಾ ಇದೆ. ಅವರ ಮರಿಮಕ್ಕಳು ಆ ಪಾಸು ಹಿಡಕೊಂಡು ಈಗ ಇಂಡಿಯಾಕ್ಕೆ ಊರು ಹುಡುಕಿಕೊಂಡು ಬರ್ತಾರೆ. ಊರು ಬಿಟ್ಟು ಹೋದವನ ಹಣೆಯ ಗಾಯದ ಗುರುತೂ ಕಾಗದದಲ್ಲಿದೆ. ಊರಲ್ಲೇ ಉಳಿದು ಸತ್ತವನದ್ದು ಅಪ್ಪನ ಹೆಸರೂ ಇಲ್ಲ.

ಇಲ್ಲಿಗೆ ಕಾಗದ ಮುಗೀತು. ಆಗ ಆಯಿ (ಅಜ್ಜಿಗೆ ನಮ್ಮನೇಲಿ ಆಯಿ ಅಂತೀವಿ) ಒಂದು ಮಾತು ಅಂದ್ರು: "ಇಷ್ಟ್ಯಾಕ ತಿರಗತೀರಿ, ಸುಗ್ಗಿ ಮುಗದ ಮ್ಯಾಲೆ ಹೆಳವರು ಬರ್ತಾರಲ್ಲ, ಅವರನ್ನ ಕೇಳ್ರಿ."

ಬೆಂಗಳೂರು, ಮೈಸೂರು ಕಡೆಯ ಓದುಗರಿಗೆ ಒಂದಿಷ್ಟು ಹೇಳಲೇಬೇಕು. ಹೆಳವರು ಊರೂರು ತಿರುಗೋ ಸಮುದಾಯ. ಅವರ ಕಸುಬೇ ಬೇರೆಯವರ ವಂಶಾವಳಿ ಕಾಯೋದು. ಹಿಂದೆ ಎತ್ತಿನ ಮೇಲೆ ಗಂಟೆ ಬಾರಿಸ್ತಾ ಬರ್ತಿದ್ರು. ಈಗ ನಮ್ಮ ಮನೆಗೆ ಬರೋರು ಬಸ್ಸಿಗೆ ಬರ್ತಾರೆ, ಬಗಲಲ್ಲಿ ಬಟ್ಟೆ ಸುತ್ತಿದ ಉದ್ದ ಪುಸ್ತಕ. ಕಟ್ಟೆ ಮೇಲೆ ಕೂತು ಮನೆತನದ ಹೆಸರು, ಬೆಡಗು, ಮನೆದೇವರು, ಮೂಲ ಊರು, ಯಾರಿಂದ ಯಾರು ಹುಟ್ಟಿದ್ರು, ಯಾವ ಕುಡಿ ಎಲ್ಲಿಗೆ ಹೋಯ್ತು ಅಂತ ಒಂದೇ ಉಸಿರಲ್ಲಿ ಹೇಳ್ತಾರೆ. ಹೊಸದಾಗಿ ಹುಟ್ಟಿದವರನ್ನ ಬರಕೊಳ್ತಾರೆ. ಕಾಳು, ಬಟ್ಟೆ, ರೊಕ್ಕ ತಗೊಂಡು ಮುಂದಿನ ಮನೆಗೆ. ತೆಲುಗು ಕಡೆ ಇದೇ ಕೆಲಸ ಮಾಡೋರಿಗೆ ಪಿಚ್ಚಗುಂಟ್ಲು ಅಂತಾರೆ. ಹೆಳವರೂ ಎಲ್ಲಾ ಜಾತಿಯ ಮನೆಗೆ ಹೋಗಲ್ಲ ಅನ್ನೋದನ್ನ ಇಲ್ಲೇ ಹೇಳಿಬಿಡ್ತೀವಿ. ತಾಲೂಕು ಕಚೇರಿ ಬಿಟ್ಟವರನ್ನೆಲ್ಲ ಇವರು ಹಿಡಿದಿಟ್ಟಿದ್ದಾರೆ ಅಂದ್ರೆ ಅದು ಸುಳ್ಳಾಗುತ್ತೆ.

ಅವರು ಹೇಳಿದ್ದು ನಾಲ್ಕೈದು ಸಾಲು. ನಮ್ಮ ಹಿರಿಯ ಅಣ್ಣತಮ್ಮಂದಿರಲ್ಲಿ ಮೂರನೆಯವನು. ಧಾತು ಬರದಲ್ಲಿ ಜೋಡೆತ್ತು ಮಾರಿ ಊರು ಬಿಟ್ಟ. ಹೋಗುವಾಗ ಗಂಡ, ಹೆಂಡತಿ, ನಾಲ್ಕು ಮಕ್ಕಳು. ಈಶ್ವರ ಸಂವತ್ಸರದಲ್ಲಿ ತಿರುಗಿ ಬಂದಾಗ ಮೂರೇ ಮಂದಿ. ಬಹುಧಾನ್ಯದಲ್ಲಿ ಮಗ ಹುಟ್ಟಿದ. ಆ ಮಗನೇ ನಮ್ಮ ಸಾಲಿನವನು, 1918ರಲ್ಲಿ ಹೋದವನು.

ಸಂವತ್ಸರದ ಹೆಸರು ಹಿಡಿದು ಇಸವಿ ತೆಗೆಯೋದು ನಮ್ಮಂಥವರಿಗೆ ಸುಲಭ, ಅದು ಮಾಡ್ಯುಲೋ 60. ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿಯೋ ಸಂಖ್ಯೆ ಪ್ರಭವದಿಂದ ಎಷ್ಟನೇ ಸಂವತ್ಸರ ಅನ್ನೋದನ್ನ ಹೇಳುತ್ತೆ. ಶಕ 1798ಕ್ಕೆ 12 ಕೂಡಿಸಿದ್ರೆ 1810, ಶೇಷ 10, ಹತ್ತನೆಯದು ಧಾತು. ಅಂದ್ರೆ 1876-77. ತೊಂದರೆ ಏನಂದ್ರೆ 1816ರಲ್ಲೂ ಧಾತು ಬಂದಿತ್ತು, 1936ರಲ್ಲೂ ಬಂತು. ಯಾವ ಸುತ್ತು ಅಂತ ಮಾಡ್ಯುಲೋ ಹೇಳಲ್ಲ. ಅದನ್ನ ಹೇಳಿದ್ದು ಬರ. 1876ರಿಂದ 78ರ ಮಹಾಕ್ಷಾಮ ದಕ್ಷಿಣ ಭಾರತವನ್ನೇ ಸುಟ್ಟಿತ್ತು, ಮುಂಬಯಿ ಪ್ರಾಂತದಲ್ಲಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಧಾರವಾಡವೂ ಒಂದು. 1872ರ ಗಣತಿಗೂ 1881ರ ಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಒಂದು ಲಕ್ಷ ಕಡಿಮೆಯಾಗಿ 8.8 ಲಕ್ಷದ ಹತ್ತಿರ ಬಂದು ನಿಂತಿತು. ಪಠ್ಯಪುಸ್ತಕದಲ್ಲಿ ಈ ಸಂಖ್ಯೆ ಇದ್ದಿದ್ರೆ ಎರಡು ಮಾರ್ಕಿಗೆ ಬಾಯಿಪಾಠ ಮಾಡಿ ಮರೀತಿದ್ವಿ. ಆ ಒಂದು ಲಕ್ಷದಲ್ಲಿ ನಮ್ಮ ಮನೆಯ ಮೂರು ಮಕ್ಕಳು ಇದ್ದಾರೆ ಅಂತ ಕಟ್ಟೆ ಮೇಲೆ ಕೂತ ಒಬ್ಬ ಮನುಷ್ಯ ಹೇಳಿದ್ರು.

ಇನ್ನೊಂದು ಸಂಗತಿ ನಮ್ಮ ಕಣ್ಣೆದುರೇ ಇತ್ತು, ಆಯಿ ತೋರಿಸಿಕೊಟ್ಟರು. ಹಿಂದಿನ ಕೂಸುಗಳು ಉಳೀದೇ ಇದ್ರೆ ಮುಂದಿನ ಕೂಸಿಗೆ ತಿಪ್ಪೆ, ಗುಂಡು, ಕಲ್ಲು ಸೇರಿದ ಹೆಸರು ಇಡೋ ರೂಢಿ. ಸಾವಿನ ಕಣ್ಣಿಗೆ ಈ ಕೂಸು ಬೆಲೆಯಿಲ್ಲದ್ದಾಗಿ ಕಾಣಲಿ ಅಂತ. ಬಹುಧಾನ್ಯದಲ್ಲಿ ಹುಟ್ಟಿದ ಮಗನಿಗೆ ಇಟ್ಟಿದ್ದು ಅಂಥ ಹೆಸರೇ. ಉತಾರದಲ್ಲಿ ಆ ಹೆಸರನ್ನ ನಾವು ಹತ್ತು ಸಲ ಓದಿದ್ವಿ. ಅದೊಂದು ಹಳ್ಳಿ ಹೆಸರು ಅಷ್ಟೇ ಅನ್ಕೊಂಡಿದ್ವಿ. ಬರದ ವರ್ಷದ ಮೂರು ಸಾವು ಆ ಹೆಸರಲ್ಲೇ ಇತ್ತು.

ನರಗುಂದದ ವಿಷಯ ಬಿಟ್ಟರೆ ನಮ್ಮ ಕಾಕಾ ಬೇಜಾರಾಗ್ತಾರೆ. ನಮ್ಮ ಕಡೆ ಬಹಳ ಮನೆಗಳಲ್ಲಿ ಇರೋ ಹಾಗೆ ನಮ್ಮಲ್ಲೂ ಒಂದು ಮಾತಿದೆ: ನಮ್ಮ ಹಿರಿಯ ಬಾಬಾಸಾಹೇಬರ ಬಂಡಾಯದಲ್ಲಿ ಇದ್ದ ಅಂತ. ನರಗುಂದದ ಬಾಬಾಸಾಹೇಬ ಭಾವೆಯವರ ದತ್ತಕವನ್ನ ಕಂಪನಿ ಸರ್ಕಾರ ಒಪ್ಪಲಿಲ್ಲ. 1858ರ ಮೇ ತಿಂಗಳಲ್ಲಿ ಸುರೇಬಾನದಲ್ಲಿ ಮ್ಯಾನ್ಸನ್ ಹತ್ಯೆ, ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲು. ಆ ಹೊತ್ತಿಗೆ ನಮ್ಮ ಹಿರಿಯನಿಗೆ ಹೆಚ್ಚೆಂದ್ರೆ ಹದಿಮೂರು ವರ್ಷ. ಹೆಳವರ ಪುಸ್ತಕದಲ್ಲಿ ಬಂಡಾಯದ ಸುದ್ದಿಯೇ ಇಲ್ಲ. ಕಾಕಾ ಒಪ್ಪಲಿಲ್ಲ, "ಹದಿಮೂರಕ್ಕ ಕಲ್ಲು ಒಗಿಯಾಕ ಬರಂಗಿಲ್ಲೇನು?" ಅಂದ್ರು. ಬರುತ್ತೆ. ಆದ್ರೆ ಕತ್ತಿ ಹಿಡಿದ ಹಿರಿಯನೇ ಯಾಕೆ ಬೇಕು ನಮಗೆ? ಜೋಡೆತ್ತು ಮಾರಿ, ಮೂರು ಮಕ್ಕಳನ್ನ ದಾರಿಯಲ್ಲಿ ಮಣ್ಣು ಮಾಡಿ, ತಿರುಗಿ ಅದೇ ಹೊಲಕ್ಕೆ ಬಂದು ಬಿತ್ತಿದವನು ಸಾಲದೇ? ವಂಶಾವಳಿ ಹುಡುಕೋರಿಗೆಲ್ಲ ಈ ಚಟ ಇದೆ ಅನ್ಸುತ್ತೆ, ಎಲ್ಲರ ಪೂರ್ವಜರೂ ವೀರರೇ. ಬರಗಾಲದಲ್ಲಿ ಬರೀ ಬದುಕಿ ಉಳಿದವರ ಮೊಮ್ಮಕ್ಕಳು ಯಾರೂ ಇಲ್ವಾ?

ಈಗ ಆ್ಯಪ್ ವಿಷಯಕ್ಕೆ ಬರೋಣ. ಹೆಳವರು ಓದಿ ಮುಗಿಸಿದ ಮೇಲೆ ಬೆಂಗಳೂರಿನ ಅಣ್ಣ ಮೊಬೈಲ್ ತೆಗೆದು "ಅಜ್ಜಾರ, ಆ ಪುಟದ ಫೋಟೋ ತಗೋಬಹುದಾ?" ಅಂತ ಕೇಳಿದ. ಅವರು ಪುಸ್ತಕ ಮುಚ್ಚಿದ್ರು. ಸಿಟ್ಟಿರಲಿಲ್ಲ. "ತಮ್ಮಾ, ಇದು ನನ್ನ ಹೊಲ ಐತಿ. ನಿಮ್ಮ ಹೊಲದಾಗ ನಾ ಬಂದು ರಾಶಿ ಮಾಡಿಕೊಂಡು ಹೋದ್ರ ಸುಮ್ಮ ಕುಂದರತೀರೇನು?" ಅಂದ್ರು. ಆಮೇಲೆ ಗೊತ್ತಾಯ್ತು, ಅದು ಉಪಮೆ ಅಲ್ಲ, ನಿಜವಾದ ಮಾತು. ನಾವು ಅಣ್ಣತಮ್ಮಂದಿರು ಹೊಲ ವಾಟ್ನಿ ಮಾಡಿಕೊಂಡ ಹಾಗೆ ಅವರು ಅಣ್ಣತಮ್ಮಂದಿರು ಊರುಗಳನ್ನ ವಾಟ್ನಿ ಮಾಡಿಕೊಂಡಿದ್ದಾರೆ. ಅಸೂಟಿಯ ನಮ್ಮ ಮನೆತನ ಇವರ ಪಾಲಿಗೆ ಬಂದಿದೆ. ನಾವು ನಮ್ಮ ಹಿರಿಯನ ವಾರಸುದಾರರು ಸರಿ, ಆದ್ರೆ ಆ ಹಿರಿಯನ ಸುದ್ದಿಗೆ ವಾರಸುದಾರರು ಅವರು.

ನಮ್ಮೊಳಗೇ ಜಗಳ ಆಯ್ತು. ಬೆಂಗಳೂರಿನವನ ವಾದ: "ಹೆಸರು ನಮ್ಮವು, ಡೇಟಾ ನಮ್ದು. ಅವರು ಬರೀ ಸ್ಟೋರ್ ಮಾಡಿದ್ದಾರೆ." ಅಂದ್ರೆ ನಮ್ಮ ಮನೆತನದವರು ನೂರೈವತ್ತು ವರ್ಷ ಯಾಕೆ ಸ್ಟೋರ್ ಮಾಡಲಿಲ್ಲ? ನಮಗೆ ಹೊಲದ ಕಾಗದ ಟ್ರಂಕಲ್ಲಿ ಇಡೋಕೆ ನೆನಪಿತ್ತು, ಸತ್ತ ಮೂರು ಮಕ್ಕಳನ್ನ ಇಡೋಕೆ ಇರಲಿಲ್ಲ. ಪ್ರತಿವರ್ಷ ಮನೆಮನೆಗೆ ನಡೆದು, ಕೇಳಿ, ಬರೆದು, ಹಳೇ ಪುಸ್ತಕ ಹರಿದರೆ ಹೊಸದಕ್ಕೆ ನಕಲು ಮಾಡಿ, ಮಗನಿಗೆ ಬಾಯಿಪಾಠ ಮಾಡಿಸಿದವರಿಗೆ ನಾವು ಒಂದು ಚೀಲ ಜೋಳ ಕೊಟ್ಟಿದ್ದೀವಿ. ಪುಸ್ತಕ ಪೂರ್ತಿ ಆ್ಯಪಿಗೆ ಬಂದ ಮರುವರ್ಷ ಆ ಜೋಳವೂ ನಿಲ್ಲುತ್ತೆ. 'ಮೊಬೈಲಲ್ಲೇ ಐತಲ್ಲ, ನೀವ್ಯಾಕ ಬಂದ್ರಿ' ಅಂತಾರೆ ಜನ. ಹೇಳೋಕೆ ಬೇಜಾರು, ಆದ್ರೆ ನಮ್ಮ ಮನೆಯವರೇ ಅಂತಾರೆ.

ದುಡ್ಡಿನ ಮಾತು ಒಂದು ಕಡೆ ಇರಲಿ. ಆ ಪುಸ್ತಕದಲ್ಲಿ ಬರೀ ಹೆಸರಿಲ್ಲ. ಯಾರು ದತ್ತಕ, ಯಾರು ಮನೆ ಅಳಿಯ, ಯಾರದು ಸೀರುಡಿಕೆ ಮದುವೆ, ಯಾವ ಕುಡಿಯನ್ನ ಯಾಕೆ ದೂರ ಇಟ್ಟರು, ಎಲ್ಲಾ ಇದೆ. ಕಟ್ಟೆ ಮೇಲೆ ಓದುವಾಗ ಅವರು ಎಲ್ಲವನ್ನೂ ಓದಲ್ಲ. ಎದುರಿಗೆ ಯಾರು ಕೂತಿದ್ದಾರೆ ನೋಡ್ತಾರೆ, ಕೆಲವು ಸಾಲು ದಾಟಿಸ್ತಾರೆ. ನಮ್ಮೆದುರೇ ಎರಡು ಕಡೆ ದಾಟಿಸಿದ್ರು, ಬೆರಳು ನಿಂತು ಮುಂದೆ ಹೋಗಿದ್ದು ಕಾಣ್ತಿತ್ತು. ನಾವು ಕೇಳಲಿಲ್ಲ. ಯಾವ ಓಸಿಆರ್‌ಗೂ ಈ ಬುದ್ಧಿ ಇಲ್ಲ. ಪರ್ಮಿಷನ್ ಲೆವೆಲ್ ಹಾಕಬಹುದು ಅಂತ ಸಿಎಸ್ ಗೆಳೆಯರು ಹೇಳ್ತಾರೆ. ಹಾಕಿ. ಆದ್ರೆ ಅಡ್ಮಿನ್ ಯಾರು? ಕಾಲೇಜು ಮುಗಿಸಿ ಹೋಗೋ ನಾವಾ?

ಜಮೀನಿನ ವ್ಯಾಜ್ಯ ಇದ್ದ ಮನೆಗಳಲ್ಲಂತೂ ಇದು ಆಟವಲ್ಲ. ಸತ್ತುಹೋದವರ ಸಂಬಂಧದ ವಿಷಯದಲ್ಲಿ, ಜಗಳ ಹುಟ್ಟೋಕೆ ಮುಂಚೆ ಬರೆದಿಟ್ಟ ವಂಶಾವಳಿಯನ್ನ ಕೋರ್ಟು ಸಾಕ್ಷಿಯಾಗಿ ನೋಡಬಹುದು ಅಂತ 1872ರ ಸಾಕ್ಷ್ಯ ಕಾಯ್ದೆಯಲ್ಲೇ ಇತ್ತು, 2024ರ ಜುಲೈಯಿಂದ ಜಾರಿಯಾದ ಹೊಸ ಕಾಯ್ದೆಯಲ್ಲೂ ಉಳಿಸಿಕೊಂಡಿದ್ದಾರೆ. ಇಂಥ ಬರಹದ ತೂಕ ಇರೋದು ಅದು ಯಾರ ಕೈಯಲ್ಲಿತ್ತು, ಯಾವಾಗ ಬರೆದದ್ದು ಅನ್ನೋದರಲ್ಲಿ. ಯಾರು ಬೇಕಾದ್ರೂ ತಿದ್ದೋ ಆ್ಯಪಿಗೆ ಹಾಕಿದ ದಿನ ಅದು ವಾಟ್ಸಾಪ್ ಫಾರ್ವರ್ಡ್ ಆಗುತ್ತೆ.

ಎದುರುವಾದ ಗಟ್ಟಿಯಾಗಿಯೇ ಇದೆ, ಅದನ್ನ ಮುಚ್ಚಿಡಲ್ಲ. ಆ ಪುಸ್ತಕ ಒಂದೇ ಇದೆ. ಮಳೆಗೆ ನೆನೆದರೆ, ಗೆದ್ದಲು ಹತ್ತಿದರೆ, ಬಸ್ಸಲ್ಲಿ ಮರೆತರೆ ನಮ್ಮ ಹಿರಿಯ ಎರಡನೇ ಸಲ ಸಾಯ್ತಾನೆ. ಅವರ ಮಗ ಈ ಕಸುಬಿಗೆ ಬರಲ್ಲ ಅಂತ ಅವರೇ ಹೇಳಿದ್ರು, ಅವನು ಊರಾಚೆ ಡ್ರೈವರ್ ಕೆಲಸಕ್ಕೆ ಹೋಗ್ತಾನೆ. ಸರ್ಕಾರ ಭೂ ಸುರಕ್ಷಾ ಅಂತ ತಾಲೂಕು ಕಚೇರಿಯ ಹಳೇ ದಾಖಲೆಗಳನ್ನ ಸ್ಕ್ಯಾನ್ ಮಾಡಿಸ್ತಿದೆ, ಅದನ್ನ ನಾವು ಮನಸಾರೆ ಒಪ್ತೀವಿ. ಸರ್ಕಾರಿ ದಫ್ತರ ಸಾರ್ವಜನಿಕರದ್ದು. ಹೆಳವರದ್ದು ಸರ್ಕಾರಿ ದಫ್ತರ ಅಲ್ಲ ಅನ್ನೋದಷ್ಟೇ ನಮ್ಮ ಮಾತು. ಸ್ಕ್ಯಾನ್ ಬೇಕಿದ್ರೆ ಅವರಿಗಾಗಿ ಆಗಲಿ. ಪ್ರತಿ ಅವರ ಕೈಯಲ್ಲೇ ಇರಲಿ, ಅವರ ಮನೇಲೇ ಒಂದು ಪೆನ್‌ಡ್ರೈವ್, ಮಗನ ಫೋನಲ್ಲಿ ಇನ್ನೊಂದು. ಯಾವ ಮನೆಯವರು ಕೇಳ್ತಾರೋ ಆ ಮನೆಯ ಪುಟವನ್ನ ಅವರು ಓದಲಿ, ರೊಕ್ಕ ತಗೊಳ್ಳಲಿ. ನಮ್ಮ ಪ್ರಾಜೆಕ್ಟ್ ರಿಪೋರ್ಟಿಗೆ ಡೆಮೊ ವಿಡಿಯೋ ಸಿಗಲ್ಲ ಇದರಿಂದ, ಗೊತ್ತು. ಗೈಡ್ ಇದನ್ನ ಪ್ರಾಜೆಕ್ಟ್ ಅಂತಲೇ ಒಪ್ಪದೇ ಇರಬಹುದು.

ಪ್ರಾಜೆಕ್ಟೇ ಬೇಕು ಅನ್ನೋರು ನಿಮ್ಮ ಮನೆಯಿಂದ ಶುರು ಮಾಡಿ, ಅದಕ್ಕೆ ಯಾರ ಪರವಾನಗಿಯೂ ಬೇಕಿಲ್ಲ. ಆಯಿಯನ್ನ ಮಾತಾಡಿಸಿ ರೆಕಾರ್ಡ್ ಮಾಡಿದ್ವಿ, ಮೂರು ಮಧ್ಯಾಹ್ನ. ಇಸವಿ ಕೇಳಿದ್ರೆ ಬರಲ್ಲ, ಆದ್ರೆ 'ಪ್ಲೇಗಿನಾಗ ಊರು ಬಿಟ್ಟು ಹೊಲದಾಗ ಗುಡಸಲಾ ಹಾಕಿದ್ರಂತ' ಅನ್ನೋದು ಬರುತ್ತೆ, ಅದು ಅವರ ಅತ್ತೆ ಅವರಿಗೆ ಹೇಳಿದ್ದು. ಅಡುಗೆಮನೆಯಲ್ಲಿ ದಾಟಿಬಂದ ಸುದ್ದಿ ಅದು, ಕಟ್ಟೆಗೆ ಬರಲೇ ಇಲ್ಲ. ಅಪಾಕ ಅಂತ ಬರೆಸಿಕೊಂಡ ಆ ತಾಯಿ ಆಯಿಗೆ ಅತ್ತೆಯ ಅತ್ತೆ. ಅವಳು ಹೊಲಕ್ಕೆ ಹೋಗುವಾಗ ಗಂಡನ ರುಮಾಲು ಸುತ್ತಿಕೊಳ್ತಿದ್ದಳಂತೆ, ದೂರದಿಂದ ಗಂಡಸು ಬಂದ ಹಾಗೆ ಕಂಡು ಆಳುಗಳು ಎದ್ದು ನಿಲ್ಲಲಿ ಅಂತ. ಇದು ಯಾವ ಉತಾರದಲ್ಲಿದೆ?

ಹೆಳವರ ಪುಸ್ತಕದ ಮೇಲೂ ನಮ್ಮದೊಂದು ತಕರಾರಿದೆ, ಅದನ್ನ ಅವರಿಗೇ ಹೇಳಿದ್ವಿ. ಬರದಿಂದ ತಿರುಗಿ ಬಂದ ಮೂವರಲ್ಲಿ ಗಂಡ, ಹೆಂಡತಿ ಬಿಟ್ಟರೆ ಮೂರನೆಯವರು ಯಾರು ಅಂತ ಕೇಳಿದ್ರೆ ಪುಟದಲ್ಲಿ ಇದ್ದದ್ದು 'ಹೆಣ್ಣು 1' ಅಂತ. ನಾಲ್ಕು ಮಕ್ಕಳಲ್ಲಿ ಬದುಕಿ ಉಳಿದ ಒಂದೇ ಜೀವ ಅದು. ಅವಳಿಗೊಂದು ಹೆಸರಿತ್ತು, ಅವಳಿಗೂ ಯಾವುದೋ ಊರಲ್ಲಿ ಮೊಮ್ಮಕ್ಕಳ ಮೊಮ್ಮಕ್ಕಳಿರ್ತಾರೆ, ಅವರಿಗೂ ನಮಗೂ ಒಂದೇ ಬರ. 1994ರಲ್ಲಿ ಕರ್ನಾಟಕದಲ್ಲಿ, 2005ರಲ್ಲಿ ದೇಶಕ್ಕೆಲ್ಲ, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ ಕಾನೂನು ಬಂದ ಮೇಲೆ ಉತಾರಕ್ಕೆ ಅವರ ಹೆಸರು ಬರ್ತಿದೆ. ನಮ್ಮ ಅತ್ತೆಯಂದಿರ ಹೆಸರೂ ಬಂತು, ಕೆಲವೇ ತಿಂಗಳಲ್ಲಿ ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಸಹಿ ಹಾಕಿಸಿಕೊಂಡು ಹೋಯ್ತು. ನೂರು ವರ್ಷ ಆದ ಮೇಲೆ ಹುಡುಕೋರಿಗೆ ಅವರು ಬಂದದ್ದು, ಹೋದದ್ದು ಎರಡೂ ಕಾಣುತ್ತೆ. ಯಾಕೆ ಹೋದ್ರು ಅನ್ನೋದು ಕಾಣಲ್ಲ.

ಅದಕ್ಕೆ ಈ ಸಲ ಹೆಣ್ಣುಮಕ್ಕಳ ಹೆಸರನ್ನೂ ಬರೆದುಕೊಳ್ಳಿ ಅಂದ್ವಿ. ಹೆಳವರು ಕನ್ನಡಕ ಮೇಲೆತ್ತಿ ನೋಡಿದ್ರು. "ಬರಕೊಂತೀನಿ, ಅದಕ್ಕೇನು. ಯಾರೂ ಕೇಳಿರಲಿಲ್ಲ. ಆದ್ರ ಲಗ್ನ ಆದ ಮ್ಯಾಲೆ ಇವರ ಸಾಲು ಯಾರ ಪುಸ್ತಕದಾಗ ಹೋಗಬೇಕು? ಆ ಊರ ಹೆಳವ ನನ್ನ ಕೂಡ ಜಗಳಕ್ಕ ಬರ್ತಾನ."

ಟ್ರೀ ಅಂತ ತಿಳಿದು ಬರೆದದ್ದು ಗ್ರಾಫ್ ಆಗಿಬಿಟ್ಟರೆ ಏನಾಗುತ್ತೆ ಅನ್ನೋ ಪ್ರಶ್ನೆಯನ್ನ ಅವರು ನಮಗಿಂತ ಬೇಗ ಹಿಡಿದಿದ್ರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಪಿಯುಸಿ ತಂಗಿ ಮಾತ್ರ "ಆ ಜಗಳ ಆಗ ನೋಡೋಣ ಅಜ್ಜಾರ, ಈಗ ಬರೀರಿ" ಅಂತ ತನ್ನ ಹೆಸರಿನ ಸ್ಪೆಲ್ಲಿಂಗ್ ಹೇಳೋಕೆ ಶುರು ಮಾಡಿದಳು.

"ಇಂಗ್ಲಿಷ್ ಬ್ಯಾಡವ್ವ," ಅಂದ್ರು ಅವರು ಪೆನ್ನಿನ ಮುಚ್ಚಳ ತೆಗೀತಾ, "ಬಾಯಿಲೆ ಹೇಳು."